ಬೀರು ತಂದ ದೋಣಿ ಪಾಲು

ಹೂಂಗುಟ್ಟಲು ಒಬ್ಬರಿದ್ದರೂ ಸಾಕು, ಹೇಳುತ್ತೇನೆ. ಕಡಲ ದಂಡೆಯ ಒಂದು ಕೇರಿಯಲ್ಲಿ ತುಳಸಕ್ಕ ಎಂಬ ತಾಯಿ, ಬೀರು ಎಂಬ ಮಗ. ಮಗ ಆಳೆತ್ತರ ಬೆಳೆದಿದ್ದ. ಹೇಳಿದ ಮಾತು ಮೀರುವವನಲ್ಲ. ತುಳಸಕ್ಕನ ದುಃಖವೂ ಅದೇ. ಮಾತು ಕೇಳದ ಮಕ್ಕಳಿದ್ದ ಮನೆಗಳನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು.

ಮಗಳು ಪದ್ಮಿಯನ್ನು ಕಡಲ ನಡುಗಡ್ಡೆಗೆ ಕೊಟ್ಟಿತ್ತು. ಈಗ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಕರೆತರಬೇಕು. ಮಳೆಗಾಲವೋ ತಲೆಯ ಮೇಲೆ ಬಂದಿತ್ತು. ಮಳೆ ಹಿಡಿದರೆ ಮುಗಿಯಿತು, ಶ್ರಾವಣದ ನೂಲ ಹುಣ್ಣಿಮೆ ಕಳೆಯುವವರೆಗೆ ಒಂದು ದೋಣಿಯೂ ನೀರಿಗಿಳಿಯುವುದಿಲ್ಲ. ಉಳಿದದ್ದು ಜಟ್ಟಿ ತಾಂಡೇಲನ ಹಾಯಿದೋಣಿಯ ಒಂದೇ ಒಂದು ಪಯಣ.

ಇಡೀ ದೋಣಿಯ ಬಾಡಿಗೆ ಒಂದು ಮನೆಗೆ ತಾಳುವಂಥದ್ದಲ್ಲ. ನಡುಗಡ್ಡೆಯಲ್ಲಿ ಕೆಲಸವಿದ್ದ ನಾಲ್ಕು ಮನೆಯವರು ಸೇರಿ ಗೊತ್ತು ಮಾಡಿದರು. ಮನೆಗೊಂದು ಕೊಳಗ ಅಕ್ಕಿ, ಅದೂ ತಾಂಡೇಲನ ಕೊಳಗದಲ್ಲೇ ಅಳೆದದ್ದು. ಅಕ್ಕಿ ಇಲ್ಲದವರು ಕೋಳಿಯನ್ನೋ ಕಾಯಿಯನ್ನೋ ಕೊಡಬಹುದು. ಬರುವಾಗ ಬೇರೆ ಮನೆಯವರು ಹತ್ತಿದರೆ ಆ ಮನೆಯದೂ ಒಂದು ಪಾಲು. ಎಲ್ಲ ಪಾಲೂ ಬಂದು ಸೇರದೆ ಜಟ್ಟಿ ಹಾಯಿ ಬಿಚ್ಚುವವನಲ್ಲ.

ಪಾಲು ಕೂಡಿಸುವ ಕೆಲಸ ತುಳಸಕ್ಕನದು. ಅದೇ ಹೊತ್ತಿಗೆ ಅವಳ ಕಾಲು ಉಳುಕಿತು. ಬೇರೆ ದಾರಿ ಇಲ್ಲ.

"ಮಗಾ, ಗೋಯ್ದ ಮಾವನ ಮನೆಗೆ ಹೋಗಿ ಅಕ್ಕಿ ತಾ. ಕೊಳಗ ಬಾಯಿಮಟ ತುಂಬಿರಬೇಕು, ತಿಳೀತಾ?"

"ತಿಳೀತು ಅವ್ವಾ."

ಗೋಯ್ದ ಬಾಯಿಮಟ ತುಂಬಿಯೇ ಕೊಟ್ಟ. ಬೀರು ಕುಲುಕುತ್ತ ನಡೆದ. ಅಕ್ಕಿ ಕುಸಿದು ಕೂತಿತು. ನೋಡಿದರೆ ಕೊಳಗ ಎರಡು ಬೆರಳು ಕಡಿಮೆ. ಅವ್ವ ತುಂಬಿರಬೇಕು ಅಂದಿದ್ದಳಲ್ಲ. ಕಾಲ ಕೆಳಗೆ ಬೇಕಾದಷ್ಟು ಮರಳಿತ್ತು.

"ತುಂಬಿದೆ ನೋಡು ಅವ್ವಾ."

ತುಳಸಕ್ಕ ನೋಡಿದಳು. ಸಂಜೆಯವರೆಗೆ ಮೊರ ಹಿಡಿದು ಕೂತಳು.

"ದಾರೀಲಿ ಸಿಕ್ಕಿದ್ದನ್ನು ಹಾಕ್ತಾರೇನೋ ಮಾರಾಯ? ಕೊಟ್ಟದ್ದು ಕಡಿಮೆ ಬಿದ್ರೆ ಅದೇ ಮನೆಗೆ ವಾಪಸ್ ಹೋಗಿ ಕೇಳಬೇಕು."

"ಹಾಗೇ ಮಾಡ್ತೇನೆ ಅವ್ವಾ."

ಮರುದಿನ ಕುಪ್ಪಕ್ಕನ ಮನೆ. ಅಲ್ಲಿ ಅಕ್ಕಿ ಇಲ್ಲ, ಒಂದು ಹೇಂಟೆ ಕೊಟ್ಟಳು. ಬೀರು ಅದನ್ನು ಕಂಕುಳಲ್ಲಿಟ್ಟು ಹೊರಟ. ಅರ್ಧ ದಾರಿಯಲ್ಲಿ ಹೇಂಟೆ ಅವನ ಕೈಗೊಂದು ಮೊಟ್ಟೆ ಇಟ್ಟಿತು. ಬೀರು ನಿಂತು ಲೆಕ್ಕ ಹಾಕಿದ. ಹೊರಡುವಾಗ ಮೊಟ್ಟೆ ಕೋಳಿಯ ಒಳಗಿತ್ತು. ಈಗ ಹೊರಗಿದೆ. ಅಂದರೆ ಕೋಳಿ ಅಷ್ಟು ಕಡಿಮೆ ಬಿತ್ತು. ತಿರುಗಿ ಹೋದ.

"ಕುಪ್ಪಕ್ಕಾ, ನಿನ್ನ ಕೋಳಿ ಕಡಿಮೆ ಬಿತ್ತು."

"ಎಂತ ಕಡಿಮೆ?"

"ಇಷ್ಟು," ಎಂದು ಮೊಟ್ಟೆ ತೋರಿಸಿದ.

ಕುಪ್ಪಕ್ಕ ಮೊಟ್ಟೆ ಇಸಿದುಕೊಂಡಳು. ಕೋಳಿಗೆ ಒಂದು ಹಿಡಿ ಭತ್ತ ತಿನ್ನಿಸಿದಳು. "ಖಾಲಿ ಜಾಗ ತುಂಬಿತು, ನಡಿ," ಎಂದಳು. ಬೀರು ಖುಷಿಯಿಂದ ಮನೆಗೆ ಬಂದು ಎಲ್ಲವನ್ನೂ ಹೇಳಿದ.

ತುಳಸಕ್ಕ ಹಣೆ ಹಿಡಿದುಕೊಂಡಳು. "ಪಾಲಿನ ಜೊತೆ ತಾನಾಗಿ ಬಂದದ್ದನ್ನು ಯಾರಾದರೂ ಹಿಂದೆ ಕೊಡ್ತಾರೇನೋ? ಜೊತೆಗೆ ಬಂದದ್ದನ್ನೂ ಸುಮ್ಮನೆ ಮನೆಗೆ ತರಬೇಕು."

"ಇನ್ನು ತರ್ತೇನೆ ಅವ್ವಾ."

ಮೂರನೆಯದು ಹೊನ್ನಜ್ಜನ ಮನೆ. ಅಜ್ಜನಿಗೆ ಕಿವಿ ಮಂದ, ಮರ್ಯಾದೆ ಬಹಳ. ಕಾಯಿಯ ಮೂಟೆ ಹೊರಿಸಿ, ಬಂದವರನ್ನು ಕಳಿಸಿಕೊಡುವ ಪದ್ಧತಿಯಂತೆ ಬೇಲಿಯವರೆಗೆ ಬಂದ. ಬೀರು ತಿರುಗಿ ನೋಡಿದ. ಪಾಲಿನ ಜೊತೆ ಅಜ್ಜ ತಾನಾಗಿ ಬಂದಿದ್ದಾನೆ. ಸುಮ್ಮನೆ ಕೈ ಹಿಡಿದ, ನಡೆಸಿದ. ಏನೋ ಕೆಲಸವಿರಬೇಕು ಎಂದುಕೊಂಡು ಅಜ್ಜನೂ ನಡೆದ.

"ಕಾಯಿ ಇಲ್ಲಿದೆ ಅವ್ವಾ. ಜೊತೆಗೆ ಬಂದದ್ದು ಇಲ್ಲಿದೆ."

ಅಜ್ಜ ಜಗಲಿಯಲ್ಲಿ ಕೂತು ಕೇಳಿದ, "ಏನು ತಂಗೀ, ಊಟಕ್ಕಾ?"

ಊಟ ಹಾಕದೆ ಹೇಗೆ? ಕೈ ತೊಳೆಯುವಷ್ಟರಲ್ಲಿ ಅಜ್ಜನ ಸೊಸೆಯಂದಿರು ಬಾವಿಗಳನ್ನೆಲ್ಲ ಇಣುಕಿ ಮುಗಿಸಿ, ಅಳುತ್ತ ಕೇರಿಗೆ ಬಂದರು. ಅಜ್ಜನನ್ನು ಕಂಡ ಮೇಲೆ ಅಳು ನಿಲ್ಲಿಸಿ ಬೈಯಲು ಶುರು ಮಾಡಿದರು. ಬೈದದ್ದು ತುಳಸಕ್ಕನನ್ನು.

ಅವರು ಹೋದ ಮೇಲೆ ತುಳಸಕ್ಕ ಮಗನ ಎದುರು ಕೂತು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಮನುಷ್ಯರು ಪಾಲಲ್ಲ ಮಗಾ. ಕಳಿಸಿಕೊಡಲಿಕ್ಕೆ ಯಾರಾದರೂ ಜೊತೆಗೆ ಬಂದರೆ, ಕೈ ಹಿಡಿದು ಅವರ ಮನೆ ಬಾಗಿಲಿಗೆ ಬಿಟ್ಟು ಬರಬೇಕು."

"ಬಿಟ್ಟು ಬರ್ತೇನೆ ಅವ್ವಾ."

ಅಂತೂ ಪಾಲು ಸೇರಿತು, ಹಾಯಿ ಬಿಚ್ಚಿದರು. ತಾಯಿಯ ಕಾಲು ಇನ್ನೂ ಊದಿದ್ದರಿಂದ ಅಕ್ಕನನ್ನು ಕರೆತರಲು ಬೀರುವೇ ಹೋದ. ತುಳಸಕ್ಕ ಬಾಣಂತಿಯ ಕೋಣೆ ಸಾರಿಸಿದಳು. ಹಳೆಯ ಸೀರೆ ಒಗೆದು, ಮಡಿಸಿ, ತಲೆದಿಂಬಿಗೆ ತುಂಬಿದಳು. ಇಳಿಹೊತ್ತಿಗೆ ಕೋಲೂರಿಕೊಂಡು ದಂಡೆಗೆ ಬಂದಳು.

ಕಡಲು ಕಪ್ಪಗಿತ್ತು. ಹಾಯಿ ಕಂಡಿತು. ದೋಣಿಯ ನಡುವೆ ಒಬ್ಬ ಹೆಂಗಸು ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ತೊಡೆಯ ಮೇಲೆ ಪದ್ಮಿಗೆ ಮದುವೆಯಲ್ಲಿ ಕೊಟ್ಟ ಹಸಿರು ಬಟ್ಟೆಯ ಗಂಟು. ತುಳಸಕ್ಕನಿಗೆ ಹೋದ ಜೀವ ಬಂದಂತಾಯಿತು. ಕಾಲಿನ ನೋವು ಮರೆತು ಮೊಣಕಾಲುದ್ದದ ನೀರಿಗೆ ಇಳಿದಳು.

"ಬಾ ಮಗಳೇ."

ಸೆರಗು ಸರಿಯಿತು. ಒಳಗಿದ್ದವಳು ಬೀಗಿತ್ತಿ ಭಾಗೀರಥಿ, ಪದ್ಮಿಯ ಅತ್ತೆ.

"ಮಗಳು ನಡುಗಡ್ಡೇಲಿದ್ದಾಳೆ," ಎಂದಳು ಭಾಗೀರಥಿ. "ನಿಮ್ಮ ಮಗನ್ನ ಕೇಳಿ."

ಬೀರು ಜಿಗಿದು ಇಳಿದ. "ಅಕ್ಕನೂ ಇವರೂ ಇಬ್ಬರೂ ದೋಣಿ ಹತ್ತಿ ಕೂತರು ಅವ್ವಾ. ಜೊತೆಗೆ ಬಂದವರು ಯಾರು ಅಂತ ಕೇಳಿದೆ. ‘ನಾನು ಇವಳನ್ನ ಜೊತೇಲಿ ಕರ್ಕೊಂಡು ಬಂದೆ’ ಅಂತ ಇವರೇ ಹೇಳಿದರು. ಅಂದ್ಮೇಲೆ ಜೊತೆಗೆ ಬಂದವಳು ಅಕ್ಕ. ಕೈ ಹಿಡಿದು ಅವಳ ಮನೆ ಬಾಗಿಲಿಗೆ ಬಿಟ್ಟು ಓಡಿ ಬಂದೆ."

"ಅವಳು ಸುಮ್ಮನೆ ಹೋದಳಾ?"

"ಮನೇಲಿ ನಾನೇನೋ ಮರೆತು ಬಂದೆ, ಅದನ್ನ ತರಲಿಕ್ಕೆ ಕರೀತಾನೆ ಅಂದ್ಕೊಂಡಳು," ಎಂದಳು ಭಾಗೀರಥಿ. "ಅವಳನ್ನ ಕಳಿಸಲಿಕ್ಕೆ ಬಂದ ನಾನು ಗಂಟು ಕಾಯ್ತಾ ಕೂತಿದ್ದೆ. ಇವ ಓಡಿ ಬಂದ, ಹಾಯಿ ಏರಿತು."

ಜಟ್ಟಿ ತಾಂಡೇಲ ಹಗ್ಗ ಸುತ್ತುತ್ತ ಹೇಳಿದ, "ಗಂಟು ಹಿಡಿದ ಹೆಂಗಸು ಕೂತಿದ್ದಳು, ಸೆರಗು ಹೊದ್ದಿದ್ದಳು. ನನಗೇನು ಗೊತ್ತು? ಈಯಮ್ಮ ಕೂಗಿದ್ದು ಕೇಳಿದಾಗ ಗಾಳಿ ತಿರುಗಿತ್ತು. ಮತ್ತೆ ದಂಡೆ ಹಿಡಿಯಲಿಕ್ಕೆ ಆಗಲಿಲ್ಲ ತುಳಸಕ್ಕಾ."

ಮೊದಲ ಹನಿ ಬಿತ್ತು. ಇಬ್ಬರು ಬೀಗಿತ್ತಿಯರೂ ಕಡಲ ಕಡೆ ನೋಡಿದರು.

"ಅಲ್ಲಿ ಅವಳಿಗೆ ಯಾರಿದ್ದಾರೆ?" ಎಂದಳು ತುಳಸಕ್ಕ.

"ಪಕ್ಕದ ಮನೆ ಸೂಲಗಿತ್ತಿ ಕೈ ಒಳ್ಳೇದು. ಮನೇಲಿ ನನ್ನ ಮಗ ಒಬ್ಬನೇ. ಅವನಿಗೆ ಗಂಜಿ ಬೇಯಿಸಲಿಕ್ಕೂ ಬರೂದಿಲ್ಲ."

"ಕಲೀತಾನೆ."

"ಕಲೀಬೇಕು."

ತುಳಸಕ್ಕನ ಬಾಯಿಗೆ ಮಗನಿಗೆ ಹೇಳಬೇಕಾದ ಹೊಸ ಬುದ್ಧಿಮಾತು ಬಂತು. ಅದನ್ನು ನುಂಗಿಕೊಂಡಳು. ಭಾಗೀರಥಿಯ ಭುಜ ಹಿಡಿದು, ಕುಂಟುತ್ತ ಮನೆಯ ಕಡೆ ಹೊರಟಳು.

"ಒಂದು ಮಾತು," ಎಂದ ಜಟ್ಟಿ. "ಈಯಮ್ಮನದು ಬೇರೆ ಮನೆ. ಒಂದು ಪಾಲು ಕಡಿಮೆ ಬಿತ್ತು."

ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಆದರೆ ಬೀರುವಿಗೆ ಹಳೆಯದು ನೆನಪಿತ್ತು. ಕಡಿಮೆ ಬಿದ್ದರೆ ಅದೇ ಮನೆಗೆ ವಾಪಸ್ ಹೋಗಿ ಕೇಳಬೇಕು. ಭಾಗೀರಥಿಯ ಮನೆ ಇರುವುದು ನಡುಗಡ್ಡೆಯಲ್ಲಿ. ಕೊಳಗ ಎತ್ತಿಕೊಂಡ, ದೋಣಿ ಹತ್ತಿ ಕೂತ.

ಆಳುಗಳು ಬಂದರು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆಯಬೇಕು. ಇಳಿ ಅಂದರು, ಇಳಿಯಲಿಲ್ಲ. ಬೈದರು, ಕದಲಲಿಲ್ಲ. ಮಳೆ ಜೋರಾಯಿತು. ಅವನನ್ನೂ ಸೇರಿಸಿಯೇ ಮರಳ ಮೇಲೆ ಎಳೆದರು, ತೆಂಗಿನ ತೋಟದವರೆಗೆ ಎಳೆದರು, ಮೇಲೆ ತೆಂಗಿನ ಗರಿ ಹೆಣೆದ ಮಡಲಿನ ಮಾಡು ಹೊದಿಸಿದರು.

ಒಳಗಿಂದ ದನಿ ಕೇಳಿಸಿತು. "ಅವ್ವಾ, ನನಗಾಗಿ ಕಾಯಬೇಡ, ಊಟ ಮಾಡು. ದೋಣಿ ಚೆನ್ನಾಗಿ ಹೋಗ್ತಾ ಇದೆ."