ಅಪ್ಪಣೆ ಕೇಳುವ ಎತ್ತು

"ಮಾಮ, ಇಪ್ಪತ್ತು ವರ್ಷ ಕೇಳದೆ, ರಾಜಾರೋಷವಾಗಿ ಇನ್ನೊಬ್ಬರ ಜಾಗದಲ್ಲಿ ಓಡಾಡಿದವನಿಗೆ ಆ ದಾರಿ ಹಕ್ಕಾಗುತ್ತದಂತೆ. ಅಪ್ಪಣೆ ಕೇಳಿ ಓಡಾಡಿದವನಿಗೆ ನೂರು ವರ್ಷವಾದರೂ ಆಗುವುದಿಲ್ಲವಂತೆ. ಮರ್ಯಾದಸ್ಥನನ್ನು ಸೋಲಿಸುವ ಇದೆಂಥ ಕಾನೂನು?"

ಕಾನೂನು ಓದುತ್ತಿರುವ ಅಕ್ಕನ ಮಗಳು ಇಂಚರಾ ಪುಸ್ತಕ ಮಡಚಿಟ್ಟು ಹೀಗೆ ಕೇಳಿದಳು. ಅವಳ ಕಾಲೇಜಿನಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳಿದ್ದಾರೆ. ಆದರೆ ಮೂವತ್ತೊಂದು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಸಾಕ್ಷಿಗಳ ಹೆಸರು ಕೂಗಿದವನು ನಾನು. ನಾನು ಕೂಗಿದರೆ ಪಕ್ಕದ ತಾಲ್ಲೂಕಿನ ಆರೋಪಿಗಳೂ ಬಂದು ನಿಲ್ಲುತ್ತಿದ್ದರು. ತೀರ್ಪು ಬರೆಯುವ ಮುಂಚೆ ನ್ಯಾಯಾಧೀಶರು ನನ್ನ ಕಡೆ ನೋಡುತ್ತಿದ್ದರು. ಗಡಿಯಾರ ನನ್ನ ತಲೆಯ ಮೇಲೇ ಇತ್ತು ಅನ್ನುವುದು ಬೇರೆ ಮಾತು.

"ಕಟಕಟೆ ಇಲ್ಲದಿದ್ದರೂ ಪ್ರಮಾಣ ಮಾಡುತ್ತೇನೆ," ಎಂದೆ. "ಹೇಳುವುದೆಲ್ಲ ಸತ್ಯ. ಒಂದಕ್ಷರ ಸುಳ್ಳಿದ್ದರೆ ಆ ಚಕ್ಕುಲಿ ತಟ್ಟೆ ಪೂರ್ತಿ ನಿನಗೇ. ಕೇಳು."

ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕಿ ಹಳ್ಳದ ನೀರಿನಲ್ಲಿ ಜಾಲಿಸುವುದು ಅವನ ಕೆಲಸ. ಹಳ್ಳಕ್ಕೆ ಹತ್ತಿರದ ದಾರಿ ಒಬ್ಬ ವ್ಯಾಪಾರಿಯ ಹಿತ್ತಿಲಲ್ಲಿತ್ತು. ಸುತ್ತಿಕೊಂಡು ಹೋದರೆ ನೂಲು ದಾರಿಯಲ್ಲೇ ಒಣಗಿ ಬಣ್ಣ ಮಚ್ಚೆ ಮಚ್ಚೆಯಾಗುತ್ತಿತ್ತು. ಅಂಥ ನೂಲನ್ನು ಯಾವ ನೇಕಾರನೂ ಮುಟ್ಟುವುದಿಲ್ಲ. ಆ ದಾರಿ ಹೋದರೆ ಅವನ ಅನ್ನವೂ ಹೋದಂತೆ.

ಯಾರನ್ನೂ ಕೇಳದೆ ಅವನು ಆ ಹಿತ್ತಿಲಲ್ಲೇ ಓಡಾಡುತ್ತ ಹದಿನೈದು ವರ್ಷ ಕಳೆಯಿತು. ಆಗ ವ್ಯಾಪಾರಿಗೆ ಅವನ ವಕೀಲ ಹೇಳಿದ: "ಇನ್ನೈದು ವರ್ಷ ಬಿಟ್ಟರೆ ದಾರಿ ಅವನದು. ತಡೆದರೆ ಊರು ಬಯ್ಯುತ್ತದೆ. ದಿನಾ ಅಪ್ಪಣೆ ಕೊಟ್ಟುಬಿಡಿ, ಹಕ್ಕು ಹುಟ್ಟುವುದೇ ಇಲ್ಲ."

ಮರುದಿನದಿಂದ ವ್ಯಾಪಾರಿ ಒಳಗಿನಿಂದ ಕೂಗತೊಡಗಿದ: "ಹೋಗಪ್ಪ, ನನ್ನ ಅಪ್ಪಣೆ ಇದೆ."

ಬಣ್ಣಗಾರನೂ ಒಬ್ಬ ವಕೀಲನನ್ನು ಕಂಡ. "ತಿರುಗಿ ನೋಡಬೇಡ, ತಲೆಯಾಡಿಸಬೇಡ. ನಿನಗೆ ಕೇಳಿಸಲೇ ಇಲ್ಲ, ತಿಳಿಯಿತೇ?" ಎಂದ ಅವನು. ಐದು ವರ್ಷ ಒಬ್ಬ ಕೂಗಿದ, ಇನ್ನೊಬ್ಬ ಕಿವುಡನಾದ.

ಇಪ್ಪತ್ತು ತುಂಬಿತು. ವ್ಯಾಪಾರಿ ಗೋಡೆ ಕಟ್ಟಲು ಕಲ್ಲು ತರಿಸಿದ. ಬಣ್ಣಗಾರ ಕೋರ್ಟಿಗೆ ಹೋದ. ಕೇಸು ನಡೆಯುವಾಗಲೂ ಓಡಾಟ ನಿಲ್ಲಲಿಲ್ಲ, ಕೂಗೂ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಕೂಗು ಬರಲಿಲ್ಲ. ಬಣ್ಣಗಾರ ನಾಲ್ಕು ಹೆಜ್ಜೆ ಹೋದ, ನಿಂತ. ಹಸಿ ನೂಲನ್ನು ಅಲ್ಲೇ ಇಳಿಸಿ ಒಳಗೆ ಹೋಗಿ ನೋಡಿದರೆ ವ್ಯಾಪಾರಿ ಬಚ್ಚಲ ಒಲೆಯ ಮುಂದೆ ಬಿದ್ದಿದ್ದ. ನೂಲು ಹೊರುವ ಹೆಗಲ ಮೇಲೆ ಅವನನ್ನು ಹೊತ್ತುಕೊಂಡು ವೈದ್ಯರ ಮನೆಗೆ ಓಡಿದ. ವ್ಯಾಪಾರಿ ಬದುಕಿದ. ನೂಲು ಬಿಸಿಲಿಗೆ ಹಾಳಾಯಿತು.

ಸುದ್ದಿ ಕೇಳಿ ವ್ಯಾಪಾರಿಯ ವಕೀಲನಿಗೆ ಹಬ್ಬವಾಯಿತು. ವಿಚಾರಣೆಯ ದಿನ ಬಣ್ಣಗಾರನನ್ನು ಕೇಳಿದ: "ಇವರ ಕೂಗು ನಿನಗೆ ಒಂದು ದಿನವೂ ಕೇಳಿಸಿಲ್ಲ ಅಂತೀಯ. ಹಾಗಾದರೆ ಅವತ್ತು ಕೂಗಲಿಲ್ಲ ಅಂತ ಹೇಗಪ್ಪ ಗೊತ್ತಾಯಿತು?"

ಬಣ್ಣಗಾರ ತಲೆ ತಗ್ಗಿಸಿದ. "ದಿನಾ ಕೇಳಿಸುತ್ತಿತ್ತು ಸ್ವಾಮಿ," ಎಂದ.

ಜೀವ ಉಳಿಸಿದ ಕೆಲಸವೇ ಅವನ ವಿರುದ್ಧ ಸಾಕ್ಷಿ ಹೇಳಿತು. ದಾರಿ ಹೋಯಿತೆಂದು ಕೋರ್ಟಿನಲ್ಲಿದ್ದವರಿಗೆಲ್ಲ ತಿಳಿಯಿತು.

ಆಮೇಲೆ ನಾನು ವ್ಯಾಪಾರಿಯ ಹೆಸರು ಕೂಗಿದೆ. ಸೂರಿನ ಎರಡು ಹಂಚು ಜರುಗಿದವು. ವ್ಯಾಪಾರಿ ಕೋಲೂರಿಕೊಂಡು ಬಂದು ಕಟಕಟೆ ಹತ್ತಿದ.

"ದಿನಾ ಅಪ್ಪಣೆ ಕೊಡುತ್ತಿದ್ದಿರಿ, ಹೌದಲ್ಲವೇ?" ಎಂದು ಅವನ ವಕೀಲ ಕೇಳಿದ.

"ಕೊಡುತ್ತಿದ್ದೆ. ನನ್ನ ಎತ್ತಿಗೆ."

"ಎತ್ತಿಗೆ ಯಾಕ್ರೀ ಅಪ್ಪಣೆ?"

"ಬಹಳ ಮರ್ಯಾದೆಯ ಎತ್ತು. ಕೇಳದೆ ಹಿತ್ತಿಲು ದಾಟುತ್ತಿರಲಿಲ್ಲ."

ವಕೀಲ ಕುಳಿತುಕೊಂಡ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ವ್ಯಾಪಾರಿಯನ್ನು ನೋಡಿದರು, ಬಣ್ಣಗಾರನನ್ನು ನೋಡಿದರು, ಕೊನೆಗೆ ನನ್ನ ಕಡೆ ನೋಡಿದರು. ದಾರಿ ಬಣ್ಣಗಾರನದೆಂದು ತೀರ್ಪಾಯಿತು.

ಇಂಚರಾ ಚಕ್ಕುಲಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಅಪ್ಪಣೆ ಕೇಳುವ ಎತ್ತಂತೆ. ಪ್ರಮಾಣ ಮಾಡಿದ್ದೀಯ ಮಾಮ, ನೆನಪಿದೆಯಾ?"

"ಒಪ್ಪಿಕೊಂಡೆ, ಅದೊಂದು ಸಣ್ಣ ವಿವರ ಸುಳ್ಳು, ಆ ಮನೆಯಲ್ಲಿ ಎತ್ತೇ ಇರಲಿಲ್ಲ," ಎಂದೆ, "ಆದರೆ ಆ ಸುಳ್ಳು ನನ್ನದಲ್ಲ."