ಎಣಿಕೆಗೆ ಸಿಗದ ಪ್ರಯಾಣಿಕರು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆರ್ನ್‌ಬ್ರಿಜ್ ಎಂಬ ಪಟ್ಟಣವಿತ್ತು. ಅಲ್ಲಿ ಒಂದೇ ಒಂದು ಟ್ರಾಮ್ ಮಾರ್ಗ. ರಸ್ತೆಯಲ್ಲೇ ಹಾಸಿದ ಹಳಿಯ ಮೇಲೆ ಎರಡು ಬೋಗಿಯ ಪುಟ್ಟ ಬಂಡಿ ಕರೆಂಟಿನಲ್ಲಿ ಓಡುತ್ತಿತ್ತು. ಊರಿನವರಿಗೆ ಅದು ಬಹಳ ಇಷ್ಟವಾಗಿತ್ತು. ಹಾಗಾಗಿ ನಗರಸಭೆ ಇನ್ನೊಂದು ಮಾರ್ಗ ಹಾಕಲು ನಿರ್ಧರಿಸಿತು.

ಹಾಕಲು ಸಾಧ್ಯವಿದ್ದದ್ದು ಒಂದೇ ಕಡೆಗೆ. ದೊಡ್ಡ ಮಾರುಕಟ್ಟೆಯ ಕಡೆಗೋ, ಗುಡ್ಡದ ಮೇಲಿನ ಬಡಾವಣೆಗೋ? ಯಾವ ಕಡೆ ಜನ ಹೆಚ್ಚು ಓಡಾಡುತ್ತಾರೆಂದು ನೋಡಿಬರಲು ರಾಬಿನ್ ಎಂಬ ಸರ್ವೆ ಅಧಿಕಾರಿಯನ್ನು ಕಳಿಸಿದರು.

ರಾಬಿನ್ ಶ್ರದ್ಧೆಯ ಮನುಷ್ಯ. ಒಂದು ಬೆಳಿಗ್ಗೆ ಮಾರುಕಟ್ಟೆಯ ಬಸ್ ನಿಲ್ದಾಣದಲ್ಲಿ ನಾಲ್ಕು ಗಂಟೆ ನಿಂತ. ಆರುನೂರ ನಲವತ್ತು ಜನ ಸಿಕ್ಕರು. ಮರುದಿನ ಗುಡ್ಡದ ನಿಲ್ದಾಣದಲ್ಲಿ ಅಷ್ಟೇ ಹೊತ್ತು ನಿಂತ. ಬಂದವರು ಹನ್ನೊಂದು ಜನ. 'ಗುಡ್ಡಕ್ಕೆ ಟ್ರಾಮ್ ಅಗತ್ಯವಿಲ್ಲ' ಎಂದು ವರದಿ ಬರೆದ. ಮೇಲಧಿಕಾರಿ ವಿಟ್ಲೋ ಓದಿ, "ಚೊಕ್ಕ ಕೆಲಸ" ಎಂದು ಬೆನ್ನು ತಟ್ಟಿದರು.

ಮಾರನೆಯ ದಿನ ಮಧ್ಯಾಹ್ನ ಡೋರೀನ್ ಎಂಬ ಹೆಂಗಸು ಕಚೇರಿಗೆ ಬಂದಳು. ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಗುಡ್ಡದಿಂದ ಎರಡು ಮೈಲಿ ಕೋಲೂರಿಕೊಂಡು ನಡೆದೇ ಬಂದಿದ್ದಳು. ರಾಬಿನ್‌ನ ಮೇಜಿನೆದುರು ಕುರ್ಚಿ ಎಳೆದುಕೊಂಡು ಕೂತು, ಉಸಿರು ಸುಧಾರಿಸಿಕೊಂಡು ಕೇಳಿದಳು:

"ಮೊನ್ನೆ ನಮ್ಮ ಬಸ್ ನಿಲ್ದಾಣದಲ್ಲಿ ನಿಂತಿದ್ದವರು ನೀವೇ ಅಲ್ಲವಾ? ಕಿಟಕಿಯಿಂದ ನೋಡಿದೆ. ನನ್ನನ್ನು ಎಣಿಸಿದಿರಾ?"

"ನೀವು ಬಸ್ ಹತ್ತಲಿಲ್ಲವಲ್ಲ, ಮೇಡಂ."

"ಎರಡು ಗಂಟೆಗೊಂದು ಬಸ್ಸು. ಸಂಜೆ ಐದೂವರೆಗೆ ಅದೂ ನಿಲ್ಲುತ್ತದೆ. ಅದನ್ನು ನಂಬಿ ಹೋದರೆ ವಾಪಸ್ ಬರುವುದು ಹೇಗೆ ಹೇಳಿ? ಬಂದವರನ್ನು ಎಣಿಸಿದಿರಿ, ಸರಿ. ಬಾರದವರನ್ನು ಎಣಿಸಲು ಯಾವಾಗ ಬರುತ್ತೀರಿ?"

ರಾಬಿನ್ ಬರೆದ ವರದಿ ಆಗಲೇ ಮೇಲಧಿಕಾರಿಯ ಮೇಜಿನ ಮೇಲಿತ್ತು. ಸುಮ್ಮನಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಆದರೂ ಆಕೆ ಮತ್ತೆ ಅಷ್ಟು ದೂರ ಗುಡ್ಡ ಹತ್ತಿ ಹೋಗಬೇಕಲ್ಲ ಎಂಬುದು ಅವನ ಮನಸ್ಸನ್ನು ಕೊರೆಯಿತು. ತನ್ನ ಕಾರಿನಲ್ಲಿ ಆಕೆಯನ್ನು ಮನೆಗೆ ಬಿಟ್ಟ. ಎರಡು ದಿನ ರಜೆ ಹಾಕಿ, ಡೋರೀನ್ ಜೊತೆಗೆ ಮನೆಮನೆಯ ಬಾಗಿಲು ತಟ್ಟಿದ.

ಒಬ್ಬ ಯುವಕ ಆಸ್ಪತ್ರೆಯಲ್ಲಿ ಸಿಕ್ಕ ಕೆಲಸವನ್ನು ಬಿಟ್ಟಿದ್ದ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಇರಲಿಲ್ಲ. ಒಬ್ಬಳು ನರ್ಸಿಂಗ್ ಕಾಲೇಜಿಗೆ ಸೇರಿ ಮೂರು ತಿಂಗಳಿಗೇ ನಿಲ್ಲಿಸಿದ್ದಳು. ಒಬ್ಬ ಮುದುಕ ನದಿಯಾಚೆ ಇರುವ ತಂಗಿಯ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಇನ್ನೊಬ್ಬ ಮಾತ್ರ, "ನನಗೆ ಕಾರಿದೆ, ರಸ್ತೆ ಅಗೆಯಬೇಡಿ" ಎಂದು ದಡಕ್ಕನೆ ಬಾಗಿಲು ಹಾಕಿಕೊಂಡ. ರಾಬಿನ್ ಅದನ್ನೂ ಬರೆದುಕೊಂಡ.

ಎಂಬತ್ತಾರು ಮನೆಗಳಲ್ಲಿ ಅರವತ್ತೊಂದು ಜನ, ಟ್ರಾಮ್ ಬಂದರೆ ದಿನವೂ ಹೊರಗೆ ಹೋಗುತ್ತೇವೆ ಎಂದರು. ಇದು ಎಂಬತ್ತಾರು ಮನೆಗಳ ಲೆಕ್ಕ ಮಾತ್ರ; ಇಡೀ ಬಡಾವಣೆಯಲ್ಲಿದ್ದದ್ದು ಸಾವಿರ ಮನೆ.

ರಾಬಿನ್ ಮೇಲಧಿಕಾರಿಯ ಬಳಿ ಹೋಗಿ ವರದಿ ವಾಪಸ್ ಕೇಳಿದ. ವಿಟ್ಲೋ ಮುಖ ಗಂಟಿಕ್ಕಿದರು.

"ಮೊನ್ನೆ ಬೇಡ ಅಂದಿರಿ, ಇವತ್ತು ಬೇಕು ಅನ್ನುತ್ತೀರಿ. ಸಭೆಯಲ್ಲಿ ನಿಮ್ಮನ್ನು ನೋಡಿ ನಗುತ್ತಾರೆ. ಎಣಿಕೆ ತಪ್ಪಾಗಿತ್ತೇ?"

"ಎಣಿಕೆ ಸರಿಯಾಗಿತ್ತು ಸರ್. ನಾನು ನಿಂತ ಜಾಗ ತಪ್ಪಾಗಿತ್ತು."

ಸಭೆಯಲ್ಲಿ ಕೆಲವರು ನಿಜವಾಗಿಯೂ ನಕ್ಕರು. ರಾಬಿನ್‌ನ ಕಿವಿ ಕೆಂಪಾಯಿತು. ಆದರೂ ಗುಡ್ಡದವರು ಹೇಳಿದ್ದನ್ನು ಹೆಸರು ಹೆಸರಾಗಿ ಓದುತ್ತಾ ಹೋದ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು. ಎರಡು ಮತಗಳ ಅಂತರದಲ್ಲಿ ಗುಡ್ಡದ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು.

ಹಳಿ ಹಾಸಿ ಮುಗಿಯಲು ಆರು ವರ್ಷ ಹಿಡಿಯಿತು. ಮೊದಲ ವಾರ ಟ್ರಾಮ್ ಅರ್ಧ ಖಾಲಿಯಾಗಿಯೇ ಓಡಿತು. ಮನೆಯಲ್ಲೇ ಉಳಿದು ಅಭ್ಯಾಸವಾದವರಿಗೆ ಹೊರಡಲು ಸ್ವಲ್ಪ ಸಮಯ ಬೇಕಲ್ಲ. ಚಳಿಗಾಲ ಬರುವ ಹೊತ್ತಿಗೆ ಬೆಳಗಿನ ಟ್ರಾಮಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ಆಮೇಲೆ ಮೂರನೆಯ ಮಾರ್ಗದ ಮಾತು ಬಂತು. ಸರ್ವೆಗೆ ಮತ್ತೆ ರಾಬಿನ್ ಹೊರಟ. ಈ ಸಲ ಅವನು ಮೊದಲು ಹೋಗಿದ್ದು ನದಿಯಂಚಿನ ಒಂದು ಓಣಿಗೆ. ಅಲ್ಲಿ ಬಸ್ ನಿಲ್ದಾಣವೇ ಇರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಮೊದಲ ಮನೆಯ ಬಾಗಿಲು ತಟ್ಟಿದ.

ನೀತಿ: ದಾರಿ ಇಲ್ಲದ ಕಡೆ ಜನ ಕಾಣದಿದ್ದರೆ, ಅವರಿಗೆ ದಾರಿ ಬೇಡವೆಂದು ತಿಳಿಯಬಾರದು. ನಮ್ಮ ಕಣ್ಣಿಗೆ ಬೀಳದವರ ಅಗತ್ಯವನ್ನು ಅವರ ಬಾಗಿಲಿಗೇ ಹೋಗಿ ಕೇಳಬೇಕು. ನಾವು ತಪ್ಪಿದ್ದೇವೆಂದು ತಿಳಿದಾಗ, ನಾಲ್ಕು ಜನ ನಕ್ಕರೂ ಸರಿ, ತಿದ್ದಿಕೊಳ್ಳಬೇಕು.