ಬಾಗಿಲ ಹಿಂದಿನ ನೀಲವ್ವ

ಹೊಳೆದಂಡೆಯ ಮಠದಲ್ಲಿ ನೀಲವ್ವನಷ್ಟು ಚುರುಕು ಬುದ್ಧಿಯ ಶಿಷ್ಯರು ಇನ್ನೊಬ್ಬರಿರಲಿಲ್ಲ. ಎಂಥ ಗಂಟು ಪ್ರಶ್ನೆಯಾದರೂ ಕೇಳಿ, ನೀರು ಕುಡಿದಷ್ಟು ಸಲೀಸಾಗಿ ಬಿಡಿಸಿಬಿಡುತ್ತಿದ್ದಳು.

ಆದರೆ ಗುರುಗಳು ಊರಿಗೆ ಹೊರಟರೆಂದರೆ ಸಾಕು, ಎದ್ದು ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಗಂಡ ಸತ್ತವಳು ಹೊರಟವರಿಗೆ ಎದುರಾಗಬಾರದಂತೆ! ಆ ಶಾಸ್ತ್ರ ಯಾವ ಪುಣ್ಯಾತ್ಮ ಬರೆದನೋ ಏನೋ.

ಒಂದು ಮುಂಜಾನೆ ಗುರುಗಳು ಹೊರಟವರು ಹೊಸ್ತಿಲಲ್ಲೇ ನಿಂತರು.

"ನೀಲವ್ವಾ, ಎಲ್ಲಿದ್ದೀ?"

"ಇಲ್ಲೇ ಅದೀನ್ರಿ ಅಜ್ಜಾರ. ನೀವು ಹೋಗಿ ಬರ್ರಿ." ದನಿ ಬಾಗಿಲ ಹಿಂದಿನಿಂದ ಬಂತು.

"ಅಲ್ಲಿ ನಿಲ್ಲು ಅಂತ ಯಾರು ಹೇಳ್ಯಾರ? ನಾ ಹೇಳೇನೇನು?"

"ಇಲ್ರಿ."

"ನಿಮ್ಮತ್ತಿ ಇಲ್ಲಿಗೆ ಬಂದು ಹೇಳಿದಳೇನು?"

"ಆಕಿ ಸತ್ತು ಯಾವ ಕಾಲಾತ್ರಿ!"

"ಮತ್ತ ನಿನ್ನ ಅಲ್ಲಿ ನಿಲ್ಲಿಸಿದವರು ಯಾರವ್ವಾ?"

ನೀಲವ್ವ ಗೋಡೆಗೆ ಇನ್ನಷ್ಟು ಒತ್ತಿ ನಿಂತಳು.

"ಎದುರಿಗೆ ಬಾ. ನೀ ಬಂದ ಮ್ಯಾಲೇ ನಾ ಹೊರಡಾಂವ."

ನೀಲವ್ವನಿಗೆ ಅಳುವೇ ಬಂತು. "ಬ್ಯಾಡ್ರಿ ಅಜ್ಜಾರ. ದಾರ್ಯಾಗ ನಿಮಗ ಏನರ ಆದ್ರ ನನ್ನ ತಲಿಗೇ ಕಟ್ಟತಾರ. ಇಲ್ಲಿಂದ ಹೊರಗ ಹಾಕಿದ್ರ ನಾ ಎಲ್ಲಿಗೆ ಹೋಗ್ಲಿ? ನನಗ ಮನಿ ಅಂತ ಇರೋದು ಇದೊಂದ."

ಹೊಸ್ತಿಲ ಮೇಲೆ ಕೂರಬಾರದು ಅಂತಾರೆ, ಗುರುಗಳು ಅಲ್ಲೇ ಕೂತುಬಿಟ್ಟರು. ಬಿಸಿಲೇರಿತು. ಜೊತೆಗೆ ಹೊರಟಿದ್ದ ಶಿಷ್ಯರು ಮುಖ ಮುಖ ನೋಡಿಕೊಂಡರು.

ಕಡೆಗೆ ನೀಲವ್ವ ಹೊರಗೆ ಬಂದಳು. ಬಂದು ಗುರುಗಳ ಎದುರಿಗೇ ನಿಂತಳು.

ಗುರುಗಳು ನಕ್ಕು ಎದ್ದರು. ಹೊರಟರು.

ಅಂಗಳ ದಾಟಿರಲಿಲ್ಲ, ಕಲ್ಲಿಗೆ ಎಡವಿ ಬಿದ್ದರು! ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸುರಿಯಿತು.

ಶಿಷ್ಯರೆಲ್ಲ ಗಕ್ಕನೆ ಹೊರಳಿ ನೀಲವ್ವನನ್ನು ನೋಡಿದರು.

"ಆತಲ್ಲ, ನೋಡಿದ್ರೇನು?" ಎಂದ ಹಿರಿಯ ಶಿಷ್ಯ ಚನಬಸಯ್ಯ.

ನೀಲವ್ವ ತನ್ನ ಪಾದಗಳನ್ನೇ ನೋಡಿಕೊಂಡಳು. "ತಪ್ಪಾತ್ರಿ ಅಜ್ಜಾರ, ನನ್ನಿಂದ ಆತು" ಎನ್ನುತ್ತ ಹಿಂದ್ಹಿಂದೆ ಬಾಗಿಲ ಕಡೆಗೆ ಸರಿದಳು.

ಗುರುಗಳು ನೆಲದ ಮೇಲೆ ಕೂತು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಎಲ್ಲರತ್ತ ತಲೆ ಎತ್ತಿದರು.

"ಇಷ್ಟು ಮಂದಿ ಅದೀರಿ, ಆ ಕಲ್ಲಿನ ಕಡೆ ಒಬ್ಬರರ ನೋಡಿದ್ರೇನು? ನೀನರ ನೋಡಿದೇನ, ನೀಲವ್ವಾ?"